ಅಲಿಂಗ್ ಸೆಪಾ ಒಳಗೆ ಬಂದದ್ದು

ರಬ್ಬರ್ ಚಪ್ಪಲಿಯ ಸದ್ದು, ಹೊರಗೆ ಕಾರಿಡಾರಿನಲ್ಲಿ, ಚಟ್ ಪಟ್, ಚಟ್ ಪಟ್, ಯಾರೋ ಹಿಮ್ಮಡಿ ಎತ್ತಲಾರದೆ ಎಳೆದುಕೊಂಡು ಹೋಗುತ್ತಿದ್ದಾರೆ, ಯಾರಿರಬಹುದು, ಈ ಕಟ್ಟಡದಲ್ಲಿ ಕಸ ಗುಡಿಸುವವಳಿಗೂ ಬೂಟು ಕೊಟ್ಟಿದ್ದಾರೆ, ಕಣ್ಣು ತೆರೆಯೋಣವೆಂದರೆ ರೆಪ್ಪೆಯ ಮೇಲೆ ಡೆಲ್ಫಿನ್‌ನ ಬ್ರಷ್ಷು ಕೂತಿದೆ, ಅಲ್ಲಾಡ್ಬೇಡ ಅಕ್ಕ, ಅಲ್ಲಾಡಿದ್ರೆ ಒಂದು ಕಣ್ಣು ನಿಂದು ಇನ್ನೊಂದು ಬೆಕ್ಕಿಂದು ಅನ್ನುತ್ತಾನೆ ಅವನು, ಮೂವತ್ತು ವರ್ಷದಿಂದ ಅವಳಿಗೆ ಮೇಕಪ್ ಮಾಡುತ್ತಿದ್ದಾನೆ, ಮೂವತ್ತು ವರ್ಷದಿಂದ ಅದೇ ತಮಾಷೆ, ಬೆರಳಿನಲ್ಲಿ ಒಣಮೀನಿನ ವಾಸನೆ ಬೇರೆ, ಬೆಳಿಗ್ಗೆ ಬೆಳ್ಳುಳ್ಳಿ ಅನ್ನದ ಜೊತೆ ತಿಂದು ಸೋಪು ಮುಟ್ಟದೆ ಬಂದಿದ್ದಾನೆ, ಹಾಳಾದವನು, ಇವತ್ತಾದರೂ ಕೈ ತೊಳೆಯಬಾರದೇ, ಇವತ್ತು ವಿವಿಯನ್ ಲುಸೆರೊಳ ಮೆರವಣಿಗೆ ತಾನೆ. ಹತ್ತು ಗಂಟೆಗೆ ಶೂಟಿಂಗು, ಭಾನುವಾರ ಮಧ್ಯಾಹ್ನ ದೇಶವೆಲ್ಲ ಅನ್ನದ ತಟ್ಟೆ ಹಿಡಿದು ನೋಡುತ್ತದೆ, ಸ್ಟುಡಿಯೋದ ಬಾಗಿಲ ಮೇಲೆ ಅವಳ ಮುಖವನ್ನು ಆಳೆತ್ತರ ಅಂಟಿಸಿದ್ದಾರೆ, ಕೆಳಗೆ ಸತ್ಯದ ಇಪ್ಪತ್ತೈದು ವರ್ಷ ಎಂದು ಬರೆಸಿದ್ದಾರೆ, ಸತ್ಯಕ್ಕೂ ಹುಟ್ಟುಹಬ್ಬ ಮಾಡುತ್ತಾರೆ ಈ ಮುಟ್ಠಾಳರು, ಕೇಕು ಕೂಡ ತರಿಸಿರುತ್ತಾರೆ, ತುಂಡು ಬಾಯಿಗಿಟ್ಟು ಫೋಟೋ ತೆಗೆಯುತ್ತಾರೆ, ಮುಂದಿನ ತಿಂಗಳಿಂದ ಮಧ್ಯಾಹ್ನದ ವಾರ್ತೆಯನ್ನು ಆ ಕ್ಲಾರಿಸ್ ಎಂಬ ಹುಡುಗಿಗೆ ಕೊಡುವುದೆಂದು ಆಗಲೇ ತೀರ್ಮಾನವಾಗಿದೆ, ವಿವಿಯನ್‌ಗೆ ಮಾತ್ರ ಇನ್ನೂ ಹೇಳಿಲ್ಲ, ಹೇಳಲು ಧೈರ್ಯವಿಲ್ಲದ ಹೇಡಿಗಳು ಹಾರ ಹಾಕಿ ಹೇಳುತ್ತಾರೆ.

ವಿವಿಯನ್ ಅನ್ನುವ ಹೆಸರೂ ಇವರೇ ಕೊಟ್ಟದ್ದು, ಇವರಲ್ಲದಿದ್ದರೆ ಇವರಂಥವರು, ಅವಳು ಹುಟ್ಟಿದ್ದು ಹೆನೊವೇವಾ ಆಗಿ, ಸಾಮಾರ್ ದ್ವೀಪದಲ್ಲಿ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಬೆಬಾಂಗ್ ಬೆಬಾಂಗ್ ಎಂದು ಕೂಗಿಸಿಕೊಂಡು ಬೆಳೆದವಳು, ಹದಿನೇಳಕ್ಕೆ ಮನಿಲಾಕ್ಕೆ ಬಂದಾಗ ಸಿನಿಮಾ ಕಂಪನಿಯ ಯಜಮಾನಿ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, ಮುಖ ಪರ್ವಾಗಿಲ್ಲ, ಬಾಯಿ ಮಾತ್ರ ಬಿಡ್ಬೇಡ ಕಣೆ, ದ್ವೀಪದವರ ಮಾತು ಕೇಳಿದ್ರೆ ಜನ ನಿನ್ನನ್ನ ಮನೆಗೆಲಸದವಳು ಅಂದ್ಕೋತಾರೆ ಅಂದಿದ್ದಳು, ಹಾಗಾಗಿ ಒಂಬತ್ತು ಸಿನಿಮಾ, ಒಂಬತ್ತರಲ್ಲೂ ತುಟಿ ಅವಳದು, ದನಿ ಇನ್ನೊಬ್ಬಳದು, ಡಬ್ಬಿಂಗ್ ಕೋಣೆಯಲ್ಲಿ ಒಬ್ಬ ದಪ್ಪ ಹೆಂಗಸು ಕಡಲೆಕಾಯಿ ಜಗಿಯುತ್ತ ಅವಳ ಪ್ರೀತಿ, ಅವಳ ಹೆರಿಗೆ ನೋವು, ಅವಳ ಸಾವು ಎಲ್ಲವನ್ನೂ ಮಾತಾಡಿ ಮುಗಿಸಿ ಮನೆಗೆ ಹೋಗುತ್ತಿದ್ದಳು. ಅಳು ಒಂದು ಮಾತ್ರ ಬೆಬಾಂಗಿನದೇ. ಎರಡೂ ಕೈ ಅಗಲಿಸಿ, ತಲೆ ಹಿಂದಕ್ಕೆ ಚೆಲ್ಲಿ, ಮಂಡಿ ಊರಿ ಬಿದ್ದು ಅವಳು ಅತ್ತರೆ ಟೆಂಟಿನಲ್ಲಿ ಕೂತ ಜನ ಬಿಕ್ಕುತ್ತಿದ್ದರು, ಅದೊಂದು ಅಳುವಿಗೆ ಏಳು ಸಲ, ಎಂಟು ಸಲ ಬೀಳಬೇಕು, ಮಂಡಿ ತರಚಿ ರಕ್ತ, ಡೈರೆಕ್ಟರು ಕುರ್ಚಿಯಿಂದ ಕದಲದೆ ಇನ್ನೊಂದ್ಸಲ ಅನ್ನುವನು, ಒಂದು ದೃಶ್ಯಕ್ಕೆ ಹನ್ನೊಂದು ಕೆನ್ನೆಯೇಟು ತಿಂದಿದ್ದಾಳೆ, ನಿಜವಾದ ಏಟು, ಪ್ರತಿ ಸಲ ಇನ್ನೊಂದ್ಸಲ, ಪ್ರತಿ ಸಲ ಮರುಮಾತಿಲ್ಲದೆ ಹೋಗಿ ನೆಲದ ಮೇಲೆ ಅಂಟಿಸಿದ ಪಟ್ಟಿಯ ಮೇಲೆ ನಿಂತಿದ್ದಾಳೆ, ಯಾಕೆ ಎಂದು ಯಾರೂ ಕೇಳುವುದಿಲ್ಲ ಅಲ್ಲಿ, ಲೈಟು ಹೋಯಿತೋ, ನಾಯಿ ಬೊಗಳಿತೋ, ಯಾರ ತಪ್ಪೂ ಅಲ್ಲ ಅದು, ಇನ್ನೊಂದ್ಸಲ ಅಂದರೆ ಇನ್ನೊಂದ್ಸಲ, ಹದಿನಾಲ್ಕು ವರ್ಷ ಆ ಮಾತು ಅವಳ ಮೈಯಲ್ಲಿ ಅನ್ನನೀರಿನ ಹಾಗೆ ಸೇರಿ ಹೋಯಿತು.

ಅಕ್ಕ, ನಾನೊಂದು ಹೇಳ್ತೀನಿ, ಹೇಳ್ದೆ ಅಂತ ಹೇಳ್ಬಾರ್ದು ಎಂದು ಡೆಲ್ಫಿನ್ ಕಿವಿಯ ಹತ್ತಿರ ಬಗ್ಗಿದ, ಮೀನಿನ ವಾಸನೆಯೂ ಬಗ್ಗಿತು, ನಿಂಗೆ ಗೊತ್ತಾಗ್ಬಾರ್ದು ಅಂತ ಆರ್ಡರಾಗಿದೆ, ಆದ್ರೆ ನಂಗೆ ಹೊಟ್ಟೇಲಿ ಮಾತು ನಿಲ್ಲಲ್ಲ ನೋಡು — ಒಬ್ರು ಮುದುಕಿನ ಕರೆಸಿದಾರೆ, ಆ ದೋಣಿ ಮುಳುಗಿತ್ತಲ್ಲ, ಕೇಸೋನ್ ಕಡೆ, ನಿಂಗೆ ಮೊದಲ್ನೇ ಪ್ರಶಸ್ತಿ ಬಂತಲ್ಲ, ಅದ್ರಲ್ಲಿ ಸತ್ತ ಆ ಹುಡುಗನ ತಾಯಿ, ಬೆಳಿಗ್ಗೆ ಬಸ್ಸಿಳಿದ್ರು, ಅಂಟಕ್ಕಿ ಕಡುಬು ತಂದಿದಾರೆ ನಿಂಗೆ, ಎಲೆ ಸುತ್ತಿ, ಪಾಪ, ಸೆಪಾ ಅಂತೇನೋ ಹೆಸರು. ಬ್ರಷ್ಷು ರೆಪ್ಪೆಯಿಂದ ಎದ್ದಿತು. ಕನ್ನಡಿಯಲ್ಲಿ ಐವತ್ತೆಂಟರ ಹೆಂಗಸೊಬ್ಬಳು ಒಂದು ಕಣ್ಣು ಬರೆದು ಇನ್ನೊಂದು ಖಾಲಿ ಬಿಟ್ಟುಕೊಂಡು ಕೂತಿದ್ದಾಳೆ. ಅಲಿಂಗ್ ಸೆಪಾ, ಸೆಪಮ್ಮ ಅನ್ನುವ ಹಾಗೆ ಊರವರು ಕರೆಯುವ ಹೆಸರು. ಆ ಚಪ್ಪಲಿ. ಮೊದಲು ಬಂದದ್ದು ಸಿಟ್ಟು, ಈ ಮುದುಕಿ ಇನ್ನೂ ಬದುಕಿದ್ದಾಳೆಯೇ ಎಂಬ ಸಿಟ್ಟು, ಛೀ, ಎಂಥ ಯೋಚನೆ, ಆದರೂ ಬಂತು, ಬಂದದ್ದನ್ನು ಬರಲಿಲ್ಲ ಅನ್ನುವುದು ಹೇಗೆ, ಅಲ್ಲಿದ್ದ ಊರವರನ್ನು ಯಾರೂ ಕೇಳುವುದಿಲ್ಲ, ಅವರನ್ನು ಬಿಟ್ಟರೆ ಅವತ್ತು ಆ ಮನೆಯಲ್ಲಿ ಏನಾಯಿತೆಂದು ಗೊತ್ತಿರುವವರು ಮೂವರು, ಕ್ಯಾಮೆರಾದ ಇಸ್ಕೊ ಸತ್ತು ಒಂಬತ್ತು ವರ್ಷ, ತಾನು ಬಾಯಿ ಬಿಡುವುದಿಲ್ಲ, ಉಳಿದದ್ದು ಆ ಮುದುಕಿ, ಅವಳನ್ನು ಹುಡುಕಿ, ಬಸ್ಸು ಹತ್ತಿಸಿ, ಮೈಕು ಸಿಕ್ಕಿಸಿ, ಇನ್ನೂರು ಜನರ ಮುಂದೆ ತಂದು ಕೂರಿಸುತ್ತಿದ್ದಾರೆ, ಸತ್ಯದ ಇಪ್ಪತ್ತೈದು ವರ್ಷ! ಅವಳು ಒಂದು ಮಾತು ಆಡಿದರೆ ಸಾಕು, ಇಪ್ಪತ್ತೈದು ವರ್ಷ ಕಟ್ಟಿದ್ದೆಲ್ಲ ಒಂದೇ ಏಟಿಗೆ ನೆಲಕ್ಕೆ, ನಾಳೆಯಿಂದ ಓಣಿಯ ಅಂಗಡಿಯವನೂ ಹೇಳುತ್ತಾನೆ, ನಟಿ ನಟೀನೇ ಬಿಡ್ರಿ.

ನಟಿ. ಆ ಮಾತನ್ನು ಬೈಗುಳದ ಹಾಗೆ ಎಷ್ಟು ಸಲ ಕೇಳಿದ್ದಾಳೆ, ಮೂವತ್ತೊಂದಕ್ಕೆ ತಾಯಿ ಪಾತ್ರ ಕೊಡತೊಡಗಿದಾಗ ಸಿನಿಮಾಕ್ಕೆ ಕೈ ಮುಗಿದು ರೇಡಿಯೋದಲ್ಲಿ ಬೆಳಗಿನ ವಾರ್ತೆ ಓದಲು ಸೇರಿದಳು, ಮೊದಲ ದಿನ ಗಾಜಿನ ಆಚೆ ಕೂತವನು ಕೈ ಆಡಿಸಿದ, ಬಾಯಿ ತೆರೆದಳು, ಬಂದದ್ದು ಅವಳದೇ ದನಿ, ದ್ವೀಪದ ದನಿ, ಒರಟು ದನಿ, ಓದುತ್ತಿದ್ದದ್ದು ಈರುಳ್ಳಿ ಬೆಲೆ, ಆದರೂ ಅಷ್ಟು ಸಂತೋಷ ಯಾವ ಸಿನಿಮಾದಲ್ಲೂ ಆಗಿರಲಿಲ್ಲ. ಅಲ್ಲಿಂದ ಈ ಚಾನೆಲ್ಲಿಗೆ ಬಂದ ದಿನ ಅವಳ ಮೇಜಿನ ಮೇಲೆ ಯಾರೋ ಒಂದು ಶೀಸೆ ಇಟ್ಟಿದ್ದರು, ಸಿನಿಮಾದವರು ಕಣ್ಣೀರು ಬರಿಸಲು ಹಾಕಿಕೊಳ್ಳುವ ಗ್ಲಿಸರಿನ್, ಸುತ್ತ ಕೂತ ಗಂಡಸರು ಟೈಪು ಮಾಡುವ ಹಾಗೆ ನಟಿಸುತ್ತ ನಗು ನುಂಗುತ್ತಿದ್ದರು, ಮುಖ್ಯ ಸಂಪಾದಕ ಬಂದು, ಬೇಜಾರ್ ಮಾಡ್ಕೋಬೇಡಿ, ಹುಡುಗ್ರು ತಮಾಷೆ ಮಾಡ್ತಾರೆ, ನಿಮ್ಗೆ ಅಡುಗೆ ಕಾರ್ಯಕ್ರಮ ಆಗ್ಬಹುದಾ ಅಂದ, ಇಲ್ಲ ಸಾರ್, ವರದಿ ಅಂದಳು, ಶೀಸೆಯನ್ನು ಎಸೆಯಲಿಲ್ಲ, ಎರಡು ವರ್ಷ ಮೇಜಿನ ಮೇಲೆಯೇ ಇಟ್ಟುಕೊಂಡಳು, ದಿನಾ ನೋಡಿ ದಿನಾ ಹಲ್ಲು ಕಚ್ಚುವುದಕ್ಕೆ. ಆ ಸೇಡಿನಲ್ಲೇ ಬೆಂಕಿ ಬಿದ್ದಲ್ಲಿಗೆ ಓಡಿದಳು, ಪ್ರವಾಹಕ್ಕೆ ಸೊಂಟದ ತನಕ ಇಳಿದಳು, ಆ ಸೇಡಿನಲ್ಲೇ ಆ ಕರಾವಳಿಗೂ ಹೋದಳು, ಬಿರುಗಾಳಿಗೆ ದೋಣಿ ಮುಳುಗಿ ಹತ್ತೊಂಬತ್ತು ಜನ ಸತ್ತಿದ್ದರು, ಬೇರೆ ಚಾನೆಲ್ಲಿನವರೆಲ್ಲ ಬಂದರಿನಲ್ಲಿ ನಿಂತು ದಡ ತೋರಿಸುತ್ತಿದ್ದರು, ಇವಳು ಮಾತ್ರ ಒಂದು ಮನೆ ಹುಡುಕಿಕೊಂಡು ಹೋದಳು, ಬಂದರಿನ ಪೊಲೀಸಿನವನೊಬ್ಬ ಹೇಳಿದ್ದ, ಅರ್ನೆಲ್ ಅನ್ನೋ ಹುಡುಗನ ಹೆಣ ಸಿಕ್ಕಿ ಮನೆಗೆ ಹೋಯ್ತು ಮೇಡಂ, ತಾಯಿಗೆ ಇನ್ನೂ ಗೊತ್ತಿಲ್ಲ, ಅವಳು ಆ ಕಡೆ ಊರುಗಳಲ್ಲಿ ಹೆಣ ನೋಡ್ಕೊಂಡು ತಿರುಗ್ತಾ ಇದಾಳೆ ಅಂತ. ತಾಯಿಗಿಂತ ಮೊದಲು ಅವಳು ಆ ಮನೆಯಲ್ಲಿದ್ದಳು.

ಬಾಗಿಲು ತಟ್ಟಿ ಒಳಗೆ ಬಂದವಳು ಕ್ಲಾರಿಸ್, ಇಪ್ಪತ್ತಾರರ ಚರ್ಮ, ಹಲ್ಲೆಲ್ಲ ಹೊಸದು, ಅಕ್ಕಾ ಎಷ್ಟು ಚೆನ್ನಾಗಿ ಕಾಣ್ತಿದೀರಾ, ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಜೊತೆ ನಿಮ್ಮ ಸಿನಿಮಾ ನೋಡ್ತಿದ್ದೆ ಅಂದಳು, ಅಜ್ಜಿ ಜೊತೆ ಅಂತೆ, ಹೇಳಬೇಕಾದ್ದನ್ನು ಎಷ್ಟು ನಯವಾಗಿ ಹೇಳುತ್ತದೆ ಹುಡುಗಿ, ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳಮ್ಮ, ಇದಾರಾ ಇನ್ನೂ ಎಂದಳು ಬೆಬಾಂಗ್, ಡೆಲ್ಫಿನ್ ಕೆಮ್ಮಿದ. ಹುಡುಗಿಯ ಹಿಂದೆ ಡೈರೆಕ್ಟರ್ ಒಸ್ಮುಂದೊ, ಕಿವಿಯಲ್ಲಿ ತಂತಿ, ಕೈಯಲ್ಲಿ ಕಾಫಿ, ಅವನಿಗೆ ಅವಳು ನೇರವಾಗಿ ಹೇಳಿದಳು, ಆ ಮುದುಕಿನ ವಾಪಸ್ ಕಳಿಸು. ಅವನು ಡೆಲ್ಫಿನ್‌ನನ್ನು ನುಂಗುವ ಹಾಗೆ ನೋಡಿದ. ಅಕ್ಕ, ಹಾಗಂದ್ರೆ ಹೇಗೆ, ಇಡೀ ಶೋ ನಿಂತಿರೋದೇ ಅವರ ಮೇಲೆ. ನಂಗೆ ಬೇಡ. ಯಾಕಕ್ಕ. ಬೇಡ ಅಂದ್ರೆ ಬೇಡ, ಸಾವಿನ ಮನೇನ ಎಷ್ಟು ವರ್ಷ ಅಂತ ಮಾರ್ತೀರ. ಆ ಮಾತು ತನ್ನ ಬಾಯಿಂದ ಬಂದಾಗ ಅವಳಿಗೇ ಒಂದು ಕ್ಷಣ ಹೆಮ್ಮೆಯಾಯಿತು, ಎಷ್ಟು ಚೆನ್ನಾಗಿ ಬಂತು, ಎಷ್ಟು ನಿಜದ ಹಾಗೆ ಬಂತು, ಒಸ್ಮುಂದೊ ಮಾತ್ರ ನಕ್ಕ, ಅಕ್ಕ, ಅವ್ರೇ ಬರ್ತೀನಿ ಅಂದಿದ್ದು, ನಾವು ಫೋನ್ ಮಾಡಿದ್ದಷ್ಟೇ, ಮೇಡಮ್ಮನ್ನ ಒಂದ್ಮಾತು ಕೇಳೋದಿದೆ, ಬರ್ತೀನಿ ಅಂದ್ರು, ಅದೂ ಅಲ್ದೆ ಆ ತುಣುಕು ಇವತ್ತಿಗೂ ಕಾಲೇಜಲ್ಲಿ ತೋರಿಸ್ತಾರೆ, ನಮಗೂ ತೋರ್ಸಿದ್ರು, ನಾವು ನಾಲ್ಕು ಜನ ಕ್ಲಾಸಲ್ಲೇ ಅತ್ತುಬಿಟ್ವಿ, ನಾನು ಈ ಕೆಲಸಕ್ಕೆ ಬಂದಿದ್ದೇ ಅದನ್ನ ನೋಡಿ. ಒಂದ್ಮಾತು ಕೇಳೋದಿದೆ. ಏನು ಮಾತು. ಅವನು ಆಗಲೇ ತಂತಿಯೊಳಗೆ ಯಾರಿಗೋ ಬೈಯುತ್ತ ಹೊರಟುಹೋಗಿದ್ದ, ಡೆಲ್ಫಿನ್ ಖಾಲಿ ಕಣ್ಣಿಗೆ ಬಣ್ಣ ಹಚ್ಚಲು ಬಗ್ಗಿದ.

ಕಣ್ಣು ಮುಚ್ಚಿದರೆ ಆ ಮನೆ. ಬಿದಿರಿನ ಗೋಡೆ, ತಗಡಿನ ಸೂರು, ನಡುಮನೆಯಲ್ಲಿ ಹೆಣದ ಪೆಟ್ಟಿಗೆ, ಅದರ ಗಾಜಿನ ಕೆಳಗೆ ಹತ್ತೊಂಬತ್ತರ ಹುಡುಗ, ಮುಖ ಊದಿ, ಯಾರೋ ಹಚ್ಚಿದ ಪೌಡರು, ಅನ್ಯಾಯದ ಸಾವೆಂದು ಮೇಲೆ ಬಿಟ್ಟ ಮರಿಕೋಳಿಯೊಂದು ಮೇವು ಹೆಕ್ಕುತ್ತಿತ್ತು, ಪಕ್ಕದಲ್ಲಿ ಮುದುಕರು ರಾತ್ರಿ ಜಾಗರಣೆಯ ಇಸ್ಪೀಟಿಗೆ ಮೇಜು ಹಾಕುತ್ತಿದ್ದರು, ಇಸ್ಕೊ ಕ್ಯಾಮೆರಾ ಹೆಗಲೇರಿಸಿ ಬಾಗಿಲಿಗೆ ಗುರಿಯಿಟ್ಟು ನಿಂತಿದ್ದ, ಬಂದ್ಳು ಬಂದ್ಳು ಎಂದು ಬೀದಿಯಿಂದ ಯಾರೋ ಕೂಗಿದರು, ಚಟ್ ಪಟ್, ಬಂದಳು. ಹೆಗಲ ಮೇಲೆ ನೀಲಿ ಅಂಚಿನ ಬಿಳಿ ಟವೆಲ್ಲು. ಹೊಸ್ತಿಲಲ್ಲಿ ನಿಂತು ಪೆಟ್ಟಿಗೆ ನೋಡಿದಳು, ಸದ್ದಿಲ್ಲ, ಕೂಗಿಲ್ಲ, ಟವೆಲ್ಲು ತೆಗೆದು ಎರಡು ಕಣ್ಣಿನ ಕೆಳಗೆ ಒತ್ತಿ ಹಿಡಿದುಕೊಂಡಳು, ಗಾಜಿನ ಮೇಲೆ ಕಣ್ಣೀರು ಬೀಳಬಾರದಲ್ಲ, ಬಿದ್ದರೆ ಸತ್ತವನ ದಾರಿ ಭಾರವಾಗುತ್ತದೆ, ಅದು ಅಲ್ಲಿ ಮಕ್ಕಳಿಗೂ ಗೊತ್ತು, ಸಾಮಾರಿನಲ್ಲಿ ಬೆಬಾಂಗಿನ ಅಪ್ಪ ಸತ್ತಾಗ ಅಜ್ಜಿ ಅವಳ ರೆಟ್ಟೆ ಹಿಡಿದು ಎಳೆದಿದ್ದಳು, ದೂರ ನಿಂತು ಅಳು ಅಂತ — ಹಾಗೆ ಒತ್ತಿಕೊಂಡೇ ಹತ್ತಿರ ಹೋಗಿ ಬಗ್ಗಿ, ಊಟ ಮಾಡಿದ್ಯಾ ಮಗ, ಎಂದು ಪಿಸುದನಿಯಲ್ಲಿ ಕೇಳಿದಳು. ಅಷ್ಟೇ. ಶಾಲೆಯಿಂದ ಬಂದವನನ್ನು ಕೇಳುವ ಹಾಗೆ. ಊಟ ಮಾಡಿದ್ಯಾ ಮಗ. ಹದಿನಾಲ್ಕು ವರ್ಷದಲ್ಲಿ ಒಬ್ಬ ಬರಹಗಾರನೂ ಬೆಬಾಂಗಿಗೆ ಅಂಥ ಮಾತು ಬರೆದುಕೊಟ್ಟಿರಲಿಲ್ಲ, ತಿರುಗಿ ಇಸ್ಕೊನನ್ನು ನೋಡಿದರೆ ಅವನ ಮುಖ ಸುಣ್ಣವಾಗಿತ್ತು, ಬ್ಯಾಟ್ರಿ ಹೋಯ್ತು ಮೇಡಂ, ಅವಳು ಕಾಲಿಟ್ಟಾಗ್ಲೇ ಹೋಯ್ತು, ಏನೂ ಬಂದಿಲ್ಲ. ಹೊಸ ಬ್ಯಾಟರಿ ಹಾಕಿದ. ಎಲ್ಲರೂ ಕಾಯುತ್ತಿದ್ದರು, ಏನನ್ನು ಎಂದು ಯಾರಿಗೂ ಗೊತ್ತಿಲ್ಲ, ಬೆಬಾಂಗಿನ ಬಾಯಿಂದ ಮಾತು ತಾನಾಗಿ ಬಂತು, ಯೋಚಿಸಿದ್ದಿಲ್ಲ, ದೇವರಾಣೆ ಯೋಚಿಸಿದ್ದಿಲ್ಲ, ಮೃದುವಾಗಿ, ಗೌರವವಾಗಿ, ಹೆಗಲ ಮೇಲೆ ಕೈಯಿಟ್ಟು, ಅಮ್ಮಾ, ಇನ್ನೊಂದ್ಸಲ ಬರ್ತೀರಾ.

ಬೈಯಬೇಕಿತ್ತು ಆಕೆ, ಉಗಿಯಬೇಕಿತ್ತು, ಅಟ್ಟಬೇಕಿತ್ತು, ಅಲ್ಲಿದ್ದ ಯಾರಾದರೂ ಒಬ್ಬರು ಆ ಕ್ಯಾಮೆರಾ ಕಿತ್ತು ಬೀದಿಗೆಸೆದಿದ್ದರೆ, ಆದರೆ ಅವರೆಲ್ಲ ಮನಿಲಾದಿಂದ ಬಂದ ನೆಂಟರ ಮುಂದೆ ತಲೆ ತಗ್ಗಿಸಿ ನಿಂತ ಜನ, ಮನೆಗೆ ಬಂದವರಿಗೆ ಇಲ್ಲ ಅನ್ನಲು ನಾಚಿಕೊಳ್ಳುವ ಜನ, ಅಲಿಂಗ್ ಸೆಪಾ ತಲೆಯೆತ್ತಿ ನೋಡಿದಳು, ನೋಡಿ, ನೀವು ವಿವಿಯನ್ ಅಲ್ವಾ ಎಂದಳು, ಸತ್ತ ಮಗನ ಪೆಟ್ಟಿಗೆಯ ಪಕ್ಕ ನಿಂತು ಅವಳ ಕಣ್ಣಲ್ಲಿ ಒಂದು ಮಿಂಚು, ನಿಮ್ಮ ಸಿನಿಮಾ ಎಲ್ಲಾ ನೋಡಿದೀನಿ ಮೇಡಂ, ಆಗ್ಲಿ, ಬರ್ತೀನಿ, ಎಲ್ಲಿಂದ ಬರ್ಲಿ. ಬಾಗಿಲಿಂದ ಅಮ್ಮ, ನಾನು ಕೈ ಇಳಿಸಿದಾಗ. ಈ ಕಡೆ ನಿಂತ್ಕೊಳ್ಳಿ, ಬೆಳಕು ಇಲ್ಲಿ ಚೆನ್ನಾಗಿದೆ. ಆಮೇಲೆ ಟವೆಲ್ಲು — ಮುಖ ಮುಚ್ಚಿದರೆ ಏನು ಉಳಿಯಿತು, ಇದು ಮುಖ ಮುಚ್ಚುತ್ತೆ, ನನ್ನ ಹತ್ರ ಇರ್ಲಿ ಅಮ್ಮ ಎಂದು ಬೆಬಾಂಗೇ ಕೈಯಿಂದ ಬಿಡಿಸಿಕೊಂಡಳು, ಒದ್ದೆಯಾಗಿತ್ತು, ಬೆಚ್ಚಗಿತ್ತು. ಎರಡನೇ ಸಲ ಬಂದ ಅಲಿಂಗ್ ಸೆಪಾ ಬೇರೆಯೇ, ಹೊಸ್ತಿಲಲ್ಲಿ ಎರಡೂ ಕೈ ಅಗಲಿಸಿದಳು, ತಲೆ ಹಿಂದಕ್ಕೆ ಚೆಲ್ಲಿದಳು, ಮಗನೇ ಎಂದು ಕೂಗಿ ಮಂಡಿ ಊರಿ ಬಿದ್ದು ಪೆಟ್ಟಿಗೆ ತಬ್ಬಿಕೊಂಡಳು, ಊಟದ ಮಾತಿಲ್ಲ, ಪಿಸುಮಾತಿಲ್ಲ, ಇಡೀ ದೇಶ ಎದೆ ಬಡಿದುಕೊಂಡು ನೋಡಿದ್ದು ಅದನ್ನು, ಇದಪ್ಪ ನಿಜವಾದ ತಾಯಿಯ ದುಃಖ ಎಂದು ಪತ್ರಿಕೆಗಳು ಬರೆದದ್ದು ಅದನ್ನು, ಆ ಅಳು ಯಾರದೆಂದು ಬೆಬಾಂಗಿಗೆ ಮೊದಲ ಕ್ಷಣಕ್ಕೇ ಗೊತ್ತಾಗಿತ್ತು, ಕೈ ತನ್ನದು, ಕತ್ತು ತನ್ನದು, ಮಂಡಿ ತನ್ನದು, ಟೆಂಟಿನ ಕತ್ತಲಲ್ಲಿ ಕೂತು ಕಲಿತುಕೊಂಡ ಅಳುವನ್ನು ಆ ತಾಯಿ ಅಚ್ಚುಕಟ್ಟಾಗಿ ಒಪ್ಪಿಸಿದ್ದಳು. ಗಾಜಿನ ಮೇಲೆ ಕಣ್ಣೀರು ತೊಟತೊಟ ಬಿತ್ತು. ಸುತ್ತಲಿನ ಹೆಂಗಸರು ಅಯ್ಯೋ ಅಯ್ಯೋ ಎಂದು ಅವಳನ್ನು ಹಿಂದಕ್ಕೆಳೆದರು, ಒಬ್ಬಳು ಸೆರಗಿನಂಥ ಬಟ್ಟೆಯಿಂದ ಗಾಜು ಒರೆಸಿದಳು, ಒರೆಸಿದರೂ ಒರೆಸಿದರೂ ಮಂಜು ಮಂಜು, ಬೆಬಾಂಗ್ ಟವೆಲ್ಲು ಹಿಡಿದುಕೊಂಡು ನಿಂತೇ ಇದ್ದಳು.

ಮೇಡಂ, ಸೆಟ್‌ಗೆ, ಎಂದು ಯಾರೋ ಕರೆದರು, ಎದ್ದಳು, ನಡೆದಳು, ಕಾರಿಡಾರು, ಗೋಡೆಯ ಮೇಲೆ ಅವಳದೇ ಫೋಟೋಗಳು, ಪ್ರಶಸ್ತಿ ಹಿಡಿದ ಅವಳು, ಆ ರಾತ್ರಿ ವೇದಿಕೆ ಹತ್ತಿ ಹೇಳಿದ್ದಳಲ್ಲ, ನಟನೇನ ನಾನು ಗೇಟಿನ ಹೊರಗೇ ಬಿಟ್ಟು ಬಂದೆ ಎಂದು, ಗ್ಲಿಸರಿನ್ ಇಟ್ಟಿದ್ದ ಗಂಡಸರು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು, ಆ ಚಪ್ಪಾಳೆಗಾಗಿ ಇನ್ನೂ ಹತ್ತು ಸುಳ್ಳು ಹೇಳಬಹುದಿತ್ತು, ಹೇಳುವ ಅಗತ್ಯ ಬೀಳಲಿಲ್ಲ, ಒಂದೇ ಸಾಕಾಯಿತು, ಆಮೇಲೆ ಮಾಡಿದ್ದೆಲ್ಲ ನಿಜ, ಮೇಯರುಗಳ ಬೆವರಿಳಿಸಿದ್ದು ನಿಜ, ಬೆದರಿಕೆ ಫೋನು ನಿಜ, ಜೀಪಿನ ಗಾಜು ಒಡೆದದ್ದು ನಿಜ, ಆದರೆ ಆ ಕರಾವಳಿಗೆ ಮತ್ತೆ ಕಾಲಿಡಲಿಲ್ಲ, ಅಲ್ಲಿ ಬಿರುಗಾಳಿ ಬಂದಾಗಲೆಲ್ಲ ಜ್ವರ ಎಂದು ಮಲಗಿದಳು. ಸೆಟ್ಟಿನ ಸೋಫಾ, ಮುಖಕ್ಕೆ ಹೊಡೆಯುವ ಬಿಸಿ ಲೈಟು, ಕತ್ತಲಲ್ಲಿ ಇನ್ನೂರು ಜನ, ಕ್ಲಾರಿಸ್ ಹಲ್ಲು ಬಿಟ್ಟು ಏನೇನೋ ಹೊಗಳಿದಳು, ದೊಡ್ಡ ಪರದೆಯ ಮೇಲೆ ಆ ತುಣುಕು ಓಡಿತು, ಕೈ, ಕತ್ತು, ಮಂಡಿ, ಮಗನೇ, ಪ್ರೇಕ್ಷಕರಲ್ಲಿ ಮೂಗು ಸೀಟುವ ಸದ್ದು, ಬೆಬಾಂಗ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು, ಅವಳ ಹಗೆಯೆಲ್ಲ ಈಗ ಒಂದೇ ಕಡೆ ಸೇರಿತ್ತು, ಆ ಮುದುಕಿಯ ಮೇಲೆ, ಬರಲಿ, ಅವಳು ಏನಾದರೂ ಒದರಿದರೆ ವಯಸ್ಸಾಯಿತು ಪಾಪ, ಮರೆವು ಎಂದುಬಿಡುವುದು, ಹೆಗಲ ಮೇಲೆ ಕೈಯಿಟ್ಟು, ಮೃದುವಾಗಿ, ಗೌರವವಾಗಿ. ಈಗ ನಮ್ಮ ವಿಶೇಷ ಅತಿಥಿ, ಅಕ್ಕಂಗೆ ಗೊತ್ತೇ ಇಲ್ಲ ಎಂದು ಕ್ಲಾರಿಸ್ ಕಿರುಚಿದಳು, ಬಾಗಿಲು ತೆರೆಯಿತು, ಚಟ್ ಪಟ್.

ಎಷ್ಟು ಸಣ್ಣಗಾಗಿದ್ದಾಳೆ, ಹೆಗಲ ಮೇಲೆ ಇವತ್ತೂ ಒಂದು ಟವೆಲ್ಲು. ಬಂದವಳೇ ಬೆಬಾಂಗಿನ ಕೈ ಹಿಡಿದುಕೊಂಡಳು, ಅಂಗೈ ಬಿಸಿ, ಒರಟು, ಚೆನ್ನಾಗಿದೀರಾ ಮೇಡಂ, ತೆಳ್ಳಗಾಗಿದೀರಿ, ಊಟ ಸರಿಯಾಗಿ ಮಾಡಲ್ವಾ ಅಂದಳು, ಜನ ನಕ್ಕರು, ಅವಳೂ ನಕ್ಕಳು, ಹಲ್ಲಿಲ್ಲ. ಅಮ್ಮ, ಆ ದಿನದ ಬಗ್ಗೆ ಹೇಳಿ, ಆ ಬಾಗಿಲಲ್ಲಿ ನಿಂತಾಗ ನಿಮ್ಮ ಮನಸ್ಸಲ್ಲಿ ಏನಿತ್ತು ಎಂದು ಕ್ಲಾರಿಸ್ ಕಣ್ಣು ಒದ್ದೆ ಮಾಡಿಕೊಂಡು ಕೇಳಿದಳು. ಯಾವ ಸಲ ತಾಯಿ, ಎಂದಳು ಅಲಿಂಗ್ ಸೆಪಾ. ಎರಡು ಸಲ ಬಂದ್ನಲ್ಲ ನಾನು, ಮೊದಲ್ನೇ ಸಲ ಮಿಷನ್ನು ಕೆಟ್ಟಿತ್ತು, ಮೇಡಂ ಇನ್ನೊಂದ್ಸಲ ಬನ್ನಿ ಅಂದ್ರು, ಬಂದೆ, ಈಗ ತೋರ್ಸಿದ್ರಲ್ಲ ಅದು ಎರಡ್ನೇದು, ಅದು ನಾನು ಮೇಡಂ ಥರ ಮಾಡಿದ್ದು. ಯಾರಿಗೂ ಅರ್ಥವಾಗುವ ಮೊದಲೇ ಅವಳು ಬೆಬಾಂಗಿನ ಕಡೆ ತಿರುಗಿದ್ದಳು, ದನಿಯಲ್ಲಿ ಆರೋಪವಿಲ್ಲ, ಒಂದಿಷ್ಟೂ ಇಲ್ಲ, ಇದ್ದಿದ್ದರೆ ಬೆಬಾಂಗ್ ಬದುಕಿಕೊಳ್ಳುತ್ತಿದ್ದಳು, ಅದನ್ನೇ ಕೇಳೋಣ ಅಂತ ಬಂದೆ ಮೇಡಂ, ಆ ಮೊದಲ್ನೇದು ಎಲ್ಲಾದ್ರೂ ಇದ್ಯಾ, ಸ್ವಲ್ಪ ಆದ್ರೂ, ಅದ್ರಲ್ಲಿ ನಾನು ಅವನ ಹತ್ರ ಮಾತಾಡಿದ್ದೆ, ಏನಂದೆ ಅನ್ನೋದು ಮರ್ತು ಹೋಗಿದೆ, ಎಷ್ಟು ಯೋಚ್ನೆ ಮಾಡಿದ್ರೂ ಎರಡ್ನೇದೇ ಬರುತ್ತೆ, ಎಲ್ಲಾ ಕಡೆ ಅದನ್ನೇ ತೋರಿಸಿ ತೋರಿಸಿ ನಂಗೂ ಅದೇ ನಿಂತ್ಬಿಟ್ಟಿದೆ. ಊಟ ಮಾಡಿದ್ಯಾ ಮಗ. ನಾಲಿಗೆಯ ತುದಿಯಲ್ಲಿದೆ. ಮೂರು ಮಾತು, ಭೂಮಿಯ ಮೇಲೆ ಅದು ಇರುವುದು ಈಗ ಬೆಬಾಂಗಿನ ತಲೆಯಲ್ಲಿ ಮಾತ್ರ, ಕೊಟ್ಟರೆ ಸಾಕು, ಈ ಮುದುಕಿ ಕೇಳಿಕೊಂಡು ಬಂದದ್ದು ಅಷ್ಟೇ, ಆದರೆ ಅದನ್ನು ಕೊಡುವುದೆಂದರೆ ಹೌದು ಅನ್ನುವುದು, ಹೌದು, ಮೊದಲನೆಯದೊಂದಿತ್ತು, ಇನ್ನೂರು ಜನರ ಮುಂದೆ, ಮೂರು ಕ್ಯಾಮೆರಾದ ಮುಂದೆ, ಕ್ಲಾರಿಸಿನ ಹೊಸ ಹಲ್ಲುಗಳ ಮುಂದೆ — ಬಾಯಿ ತೆರೆದಳು, ದನಿ ಬರಲಿಲ್ಲ, ತುಟಿ ಮಾತ್ರ ಅಲುಗಾಡಿತು.

ಕಟ್ ಕಟ್ ಕಟ್, ಒಸ್ಮುಂದೊ ಮೇಲಿನಿಂದ ಓಡಿ ಬಂದ, ಎಲ್ಲರಿಗೂ ನಗು ಹಂಚುತ್ತ, ಏನಿಲ್ಲ ಏನಿಲ್ಲ, ಮೈಕು ಸ್ವಲ್ಪ ಕೈಕೊಡ್ತು, ಅಮ್ಮಾ ತುಂಬಾ ಚೆನ್ನಾಗಿ ಮಾತಾಡಿದ್ರಿ, ಆ ಎರಡು ಸಲದ ಮಾತು ಬೇಡ ಅಷ್ಟೇ, ಜನಕ್ಕೆ ಗೊಂದಲ ಆಗುತ್ತೆ, ಸೀದಾ ಬಂದು ಮೇಡಮ್ಮನ್ನ ತಬ್ಕೊಳ್ಳಿ, ಥ್ಯಾಂಕ್ಸ್ ಅನ್ನಿ, ಸಾಕು, ಇನ್ನೊಂದ್ಸಲ ಬರ್ತೀರಾ. ಅವನು ಬೆಬಾಂಗಿನ ಕಡೆ ನೋಡಲಿಲ್ಲ, ನೋಡದಿರುವ ರೀತಿಯಲ್ಲೇ ಗೊತ್ತಾಯಿತು ಅವನಿಗೆ ಎಲ್ಲ ಅರ್ಥವಾಗಿದೆ ಎಂದು, ಕಾಲೇಜಿನಲ್ಲಿ ಅತ್ತವನು, ಅದನ್ನು ನೋಡಿಯೇ ಕೆಲಸಕ್ಕೆ ಬಂದವನು, ಅವನೂ ಕಲಿತುಕೊಂಡಿದ್ದಾನೆ, ಅದೇ ಮೃದು ದನಿ, ಅದೇ ಹೆಗಲ ಮೇಲಿನ ಕೈ. ಅಲಿಂಗ್ ಸೆಪಾ ಬೆಬಾಂಗಿನ ಮುಖ ನೋಡಿದಳು, ಉತ್ತರಕ್ಕೆ ಕಾದಳು, ಒಂದು, ಎರಡು, ಮೂರು, ಬೇಡ ಅನ್ನು, ನಿಲ್ಲಿಸು ಅನ್ನು, ಊಟ ಮಾಡಿದ್ಯಾ ಅಂತ ಕೇಳಿದ್ರಿ ಅಮ್ಮ ಅನ್ನು, ಅನ್ನು — ಆಮೇಲೆ ಆಕೆ ತಲೆಯಾಡಿಸಿದಳು, ಆಗ್ಲಿ ಮೇಡಂ, ನಿಮ್ಗೆ ತೊಂದ್ರೆ ಬೇಡ, ಬರ್ತೀನಿ, ಎಂದು ತಾನಾಗಿ ಎದ್ದು, ಚಪ್ಪಲಿ ಎಳೆದುಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನಿಂತು ಹೆಗಲ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡಳು, ಹಣೆ, ಕೆನ್ನೆ, ಕಣ್ಣಿನ ಕೆಳಗೆ, ಒರೆಸಿ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿ ಹಾಳೆ ಹಿಡಿದು ನಿಂತ ಹುಡುಗಿಗೆ ಕೊಟ್ಟಳು, ಇಟ್ಕೋ ಮಗ, ಇದು ಮುಖ ಮುಚ್ಚುತ್ತೆ. ಯಾರೂ ಕೇಳಿರಲಿಲ್ಲ. ಕೊಡು ಎಂದು ಯಾರೂ ಕೇಳಿರಲಿಲ್ಲ ಅವಳನ್ನು. ಒಸ್ಮುಂದೊ ರೆಡಿ ಅಂದ, ಮುದುಕಿ ಅವನ ಕಡೆ ನೋಡುತ್ತಿಲ್ಲ, ಬೆಬಾಂಗಿನ ಕೈ ನೋಡುತ್ತಿದ್ದಾಳೆ, ಕೈ ಯಾವಾಗ ಮೇಲೆ ಹೋಯಿತೋ ಬೆಬಾಂಗಿಗೆ ಗೊತ್ತಿಲ್ಲ, ಮೇಲಿದೆ, ಬೆರಳು ಬಿಡಿಸಿಕೊಂಡಿದೆ, ಇಳಿಸಿದರೆ ಅವತ್ತಿನ ಹಾಗೆ ಅವಳು ಬರುತ್ತಾಳೆ, ಬಾಗಿಲಲ್ಲಿ ಅಲಿಂಗ್ ಸೆಪಾ, ಒರೆಸಿಕೊಂಡ ಮುಖ, ಟವೆಲ್ಲಿಲ್ಲದ ಎರಡು ಕೈ, ಕಾಯುತ್ತಿದ್ದಾಳೆ, ಬಾಗಿಲಲ್ಲಿ, ಒರೆಸಿಕೊಂಡ ಮುಖ, ಟವೆಲ್ಲಿಲ್ಲದ ಕೈ